ಸೂರಿನ ಕೆಳಗಿನ ಕಲ್ಲು

1999ರ ಆರಂಭದಲ್ಲಿ ನನ್ನನ್ನು ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ಉತ್ಖನನಕ್ಕೆ ಉಸ್ತುವಾರಿಯಾಗಿ ಕಳಿಸಿದರು. ನನ್ನ ಹುದ್ದೆ ಸಹಾಯಕ ಪುರಾತತ್ವಜ್ಞೆ. ಕೆಲಸಕ್ಕೆ ಇಲಾಖೆಯವರು ಇಟ್ಟ ಹೆಸರು ‘ರೆಸ್ಕ್ಯೂ ಎಕ್ಸ್‌ಕವೇಷನ್’. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿರುವ ಜಾಗವನ್ನು ನೀರು ಬರುವ ಮೊದಲೇ ಅಗೆದು, ಸಿಕ್ಕಿದ್ದನ್ನು ದಾಖಲಿಸಿ, ಎತ್ತಲು ಬರುವುದನ್ನು ಎತ್ತಿಕೊಂಡು ಬರುವುದು. ಬೇರೆ ಉತ್ಖನನಗಳಲ್ಲಿ ನಾವು ಒಂದು ಗೋಡೆಯ ಮುಂದೆ ಇಡೀ ತಿಂಗಳು ಕೂತುಬಿಡುತ್ತೇವೆ. ಇಲ್ಲಿ ಹಾಗೆ ಕೂರುವಂತಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ನೀರು ನಿಲ್ಲಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ನಾನು ಹುಟ್ಟಿದ್ದು ಬನಹಟ್ಟಿಯಲ್ಲಿ, ನೇಕಾರರ ಮನೆಯಲ್ಲಿ. ಮಗ್ಗದ ಸದ್ದಿಲ್ಲದ ಕಡೆ ನನಗೆ ಬಹಳ ದಿನ ನಿದ್ದೆಯೇ ಬರುತ್ತಿರಲಿಲ್ಲ. ಇಂಥ ಮನೆಯ ಹುಡುಗಿಗೆ ಗ್ರೀಕರ, ರೋಮನ್ನರ ಹುಚ್ಚು ಹಿಡಿದದ್ದು ಹೇಗೆಂದು ಕೇಳಿದರೆ ನಾನೂ ಸರಿಯಾಗಿ ಹೇಳಲಾರೆ. ಶಾಲೆಯ ಪುಸ್ತಕದಲ್ಲಿ ಒಂದು ಹೂಜಿಯ ಚಿತ್ರವಿತ್ತು, ಅದರ ಮೇಲೆ ಓಡುತ್ತಿರುವ ಗಂಡಸರಿದ್ದರು. ಅಲ್ಲಿಂದ ಶುರುವಾಯಿತು. ಪುಣೆಯಲ್ಲಿ ಓದಿ, ಲ್ಯಾಟಿನ್ ಕಲಿತು, ರೋಮನ್ ಕಾಲದಲ್ಲಿ ಸಮುದ್ರ ದಾಟಿ ದಖ್ಖನ್ನಿಗೆ ಬಂದ ಮಡಿಕೆಗಳ ಮೇಲೆ ಪಿಎಚ್.ಡಿ. ಮಾಡಿದೆ. ಇಟಲಿಗೆ ಹೋಗಿ ಅಗೆಯಬೇಕೆಂಬುದು ಆಸೆ. ಕೈಗೆ ಬಂದ ಆದೇಶದಲ್ಲಿ ಬೀಳಗಿ ಎಂದಿತ್ತು. ಅಪ್ಪ ಅದನ್ನು ಓದಿ, “ರೋಮ್‌ಗಿಂತ ಛಲೋ ಆತು ಬಿಡು, ಬಸ್ಸಿಗಿ ಹೋಗಿ ಬರಬಹುದು” ಅಂದರು. ನನಗೆ ಮೈ ಉರಿದುಹೋಯಿತು.

ಆ ಊರಿನ ಹೆಸರು ಈಗ ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಹಾಗಾಗಿ ಇಲ್ಲಿ ಹಳೇ ಊರು ಎಂದಷ್ಟೇ ಬರೆಯುತ್ತೇನೆ. ನಾನು ಹೋಗುವ ಹೊತ್ತಿಗೆ ಊರು ಅರ್ಧ ಖಾಲಿಯಾಗಿತ್ತು. ಬೀರೇಶ್ವರ ದೇವರನ್ನು ಡೊಳ್ಳು ಬಾರಿಸಿ, ಭಂಡಾರದ ಅರಿಶಿನ ಎರಚಿ ಹೊಸ ಊರಿಗೆ ಮೊದಲೇ ಕರೆದೊಯ್ದಿದ್ದರು. ದೇವರ ಹಿಂದೆ ಬಾಗಿಲುಗಳು ಹೋದವು, ಕಿಟಕಿಗಳು ಹೋದವು, ಜಂತಿ ತೊಲೆಗಳು ಹೋದವು. ಯಾವ ಮನೆಯವರು ಹೋಗಿದ್ದಾರೆ, ಯಾವ ಮನೆಯವರು ಇನ್ನೂ ಇದ್ದಾರೆ ಎಂದು ತಿಳಿಯಲು ಬಾಗಿಲನ್ನು ನೋಡಿದರೆ ಸಾಕಾಗಿತ್ತು.

ಊರ ಪಕ್ಕದಲ್ಲೇ ಹೊಳೆಗೆ ಮುಖ ಮಾಡಿ ಒಂದು ದಿನ್ನೆ ಇತ್ತು. ಹಿಂದಿನವರು ಒಂದರ ಮೇಲೊಂದು ಮನೆ ಕಟ್ಟಿ ಕಟ್ಟಿ ಎದ್ದ ದಿಬ್ಬ ಅದು. ಮೇಲಿನ ಪದರಗಳು ಶಾತವಾಹನರ ಕಾಲದವು, ಅಂದರೆ ನನ್ನ ರೋಮನ್ ಮಡಿಕೆಗಳ ಕಾಲದವು. ಒಂದೇ ಒಂದು ಚೂರು ಸಿಕ್ಕರೂ ಸಾಕೆಂದು ನಾನು ಆಸೆಯಿಂದ ಅಲ್ಲಿ ಟ್ರೆಂಚ್ ಹಾಕಿಸಿದೆ. ಟ್ರೆಂಚ್ ಎಂದರೆ ಅಳತೆ ಮಾಡಿ ಚೌಕವಾಗಿ ತೋಡುವ ಗುಂಡಿ. ಅದರ ಗೋಡೆಯಲ್ಲಿ ಮಣ್ಣಿನ ಬಣ್ಣ ಬದಲಾಗುವುದನ್ನು ನೋಡಿ ಕಾಲವನ್ನು ಓದುತ್ತೇವೆ. ರೋಮನ್ ಚೂರು ಕೊನೆಗೂ ಸಿಗಲಿಲ್ಲ. ಅದರ ಬದಲು ನನಗೆ ಲಗಮವ್ವ ಸಿಕ್ಕಳು.

ಲಗಮವ್ವ ಕುರುಬರ ಮನೆಯ ಸೊಸೆ. ಮೂವತ್ತರ ಆಸುಪಾಸು. ಗಂಡ ಸಿದ್ದಪ್ಪ ಕುರಿಗಳ ಹಿಂದೆ ವರ್ಷದಲ್ಲಿ ಬಹುಪಾಲು ಊರೂರು ಅಲೆಯುತ್ತಿದ್ದ. ಮನೆಯಲ್ಲಿ ಇವಳು ಮತ್ತು ಅತ್ತೆ ಮಾಯವ್ವ ಇಬ್ಬರೇ. ಮಣ್ಣು ಹೊರಲು ಬಂದವಳ ಕೈ ನೋಡಿ ಎರಡನೇ ವಾರಕ್ಕೇ ಬುಟ್ಟಿ ಬಿಡಿಸಿ ಬ್ರಷ್ ಕೊಟ್ಟೆ. ಬ್ರಷ್ ಕೆಲಸಕ್ಕೆ ಬೇಕಾದದ್ದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಸಮಾಧಾನ. ನನಗೆ ಅದು ಸ್ವಲ್ಪ ಕಡಿಮೆ, ಅವಳಲ್ಲಿ ಬೇಕಾದಷ್ಟಿತ್ತು.

ಅವರ ಮನೆ ದಿನ್ನೆಗೆ ಹತ್ತಿರ. ಮಧ್ಯಾಹ್ನ ನೀರು ಕುಡಿಯಲು ನಾನು ಅಲ್ಲಿಗೇ ಹೋಗುತ್ತಿದ್ದೆ. ಹೋದಾಗಲೆಲ್ಲ ಮಾಯವ್ವ ಹಿತ್ತಲ ಗೋಡೆಯ ಮೂಲೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತು ಉಣ್ಣೆ ನೂಲುತ್ತಿದ್ದಳು. ಪಕ್ಕದಲ್ಲೇ ಬೇವಿನ ಮರದ ನೆರಳಿತ್ತು.

“ನೆಳ್ಳಿಗಿ ಕುಂದರಬಾರದೇನ್ರಿ ಅಜ್ಜಿ?” ಎಂದು ಒಮ್ಮೆ ಕೇಳಿದೆ.

“ಇಲ್ಲೇ ರೂಢಿ ಆಗೇತ್ರಿ ಬಾಯಾರ,” ಅಂದಳು.

ಲಗಮವ್ವ ನೀರಿನ ತಂಬಿಗೆ ಕೊಡುತ್ತ ಸಣ್ಣಗೆ ನಕ್ಕಳು. “ಮಳಿ ಬಂದ್ರೂ ಅಕಿ ಅಲ್ಲೇ ಕುಂದರತಾಳ್ರಿ. ಗ್ವಾಡಿಗಿ ಅಂಟಿ ಹುಟ್ಯಾಳ.” ಅತ್ತೆಗೂ ಸೊಸೆಗೂ ಜಗಳವಿರಲಿಲ್ಲ, ಆದರೆ ಇಬ್ಬರ ನಡುವೆ ಯಾವಾಗಲೂ ಒಂದು ಹೆಜ್ಜೆ ಅಂತರವಿತ್ತು. ಅತ್ತೆ ಸೊಸೆಯರೆಂದರೆ ಹಾಗೆ ಇರುವುದೇ ಎಂದುಕೊಂಡೆ.

ಫೆಬ್ರುವರಿಯಲ್ಲಿ ಟ್ರೆಂಚ್ ಶಾತವಾಹನರ ಪದರ ದಾಟಿ, ಅದಕ್ಕಿಂತ ಬಹಳ ಹಿಂದಿನ, ನವಶಿಲಾಯುಗದ ಮನೆಯೊಂದರ ನೆಲಕ್ಕೆ ಇಳಿಯಿತು. ಗಟ್ಟಿಯಾಗಿ ಬಡಿದು ಸಾರಿಸಿದ ನೆಲ. ಗೋಡೆಯಂಚಿನಲ್ಲಿ ಲಗಮವ್ವನ ಬ್ರಷ್ ಒಂದು ಮಡಿಕೆಯ ಬಾಯನ್ನು ಬಿಡಿಸಿತು. ಒಳಗಿನ ಮಣ್ಣನ್ನು ಸ್ವಲ್ಪವೇ ತೆಗೆದಾಗ ಹುಲ್ಲುಕಡ್ಡಿಯಷ್ಟು ತೆಳುವಾದ ಪಕ್ಕೆಲುಬುಗಳು ಕಂಡವು. ಹಸುಗೂಸು. ಹಿಂದಿನವರು ಸತ್ತ ಹಸುಗೂಸನ್ನು ಮಡಿಕೆಯಲ್ಲಿಟ್ಟು ಮನೆಯೊಳಗೆ ಹೂಳುತ್ತಿದ್ದುದು ದಖ್ಖನ್ನಿನ ಹಲವು ಕಡೆ ಸಿಕ್ಕಿದೆ. ನಾವು ಅದನ್ನು ‘ಅರ್ನ್ ಬರಿಯಲ್’ ಎನ್ನುತ್ತೇವೆ.

ಆ ಮಡಿಕೆಗೆ ಒಂದೆರಡು ಮಾರು ದೂರದಲ್ಲಿ, ಅದೇ ಗೋಡೆಯಂಚಿಗೆ, ಒಂದು ಗುಂಡುಕಲ್ಲು ಇತ್ತು. ಗೋರಿಯ ಗುರುತಿಗೆಂದು ಇಡುವಂಥ ಕಲ್ಲು. ಆದರೆ ಗುರುತಿನ ಕಲ್ಲು ಮಡಿಕೆಯ ನೇರ ಮೇಲಿರಬೇಕಿತ್ತು. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಯಲ್ಲಿ ಉಬ್ಬಿ, ಒಳಗಿನ ಕಲ್ಲುಗಳನ್ನು ನಿಧಾನವಾಗಿ ಸರಿಸುತ್ತದೆ. ನಾನು ಹೆಚ್ಚು ಯೋಚಿಸದೆ, ‘ಮಣ್ಣಿನ ಚಲನೆಯಿಂದ ಸ್ಥಾನ ತಪ್ಪಿದ ಕಲ್ಲು’ ಎಂದು ಬರೆದು ಮುಂದೆ ಹೋದೆ.

ಮಡಿಕೆ ಬಿರುಕು ಬಿಟ್ಟಿತ್ತು. ಹಾಗೇ ಎತ್ತಿದರೆ ಕೈಯಲ್ಲಿ ಪುಡಿಯಾಗುತ್ತಿತ್ತು. ಇಂಥದ್ದಕ್ಕೆ ‘ಬ್ಲಾಕ್ ಲಿಫ್ಟಿಂಗ್’ ಎಂಬ ವಿಧಾನವಿದೆ. ವಸ್ತುವನ್ನು ಮಣ್ಣಿನಿಂದ ಬೇರೆ ಮಾಡದೆ, ಸುತ್ತಲಿನ ಮಣ್ಣನ್ನು ಪೀಠದ ಹಾಗೆ ಉಳಿಸಿ ಕೊರೆದು, ಬಟ್ಟೆ ಸುತ್ತಿ, ಪ್ಲಾಸ್ಟರ್ ಮೆತ್ತಿ, ಒಣಗಿದ ಮೇಲೆ ಅಡಿಗೆ ಹಲಗೆ ತೂರಿಸಿ ಇಡಿಯಾಗಿ ಎತ್ತುವುದು. ಒಳಗಿನ ಮೂಳೆಗೆ ತಾನು ಜಾಗ ಬಿಟ್ಟದ್ದೂ ಗೊತ್ತಾಗಬಾರದು ಎಂದು ನಮ್ಮ ನಿರ್ದೇಶಕರು ತಮಾಷೆ ಮಾಡುತ್ತಿದ್ದರು. ಇಡೀ ದಿನ ಲಗಮವ್ವ ನನ್ನ ಪಕ್ಕ ಕದಲದೆ ಕೂತಿದ್ದಳು. ಹಲಗೆ ಮೇಲೆದ್ದಾಗ ಮಾತ್ರ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಸಂಜೆ ಕೂಲಿಯವರೆಲ್ಲ ಹೋದ ಮೇಲೂ ಅವಳು ಹೋಗಲಿಲ್ಲ.

“ಬಾಯಾರ, ಈ ಕೂಸಿನ ಎಲ್ಲಿಗಿ ಒಯ್ತೀರಿ?”

“ಮ್ಯೂಸಿಯಮ್‌ಗೆ. ಅಲ್ಲಿ ನೀರು ಬರೂದಿಲ್ಲ.”

“ಇಷ್ಟ ವರ್ಷದ ಕೂಸಿನ ಇಷ್ಟ ಜ್ವಾಕಿಲಿಂದ ಒಯ್ತೀರಿ. ನಂದೊಂದು ಐತ್ರಿ. ಹಿತ್ತಲದಾಗ. ಅದನ್ನೂ ಹಿಂಗ ಎತ್ತಿ ಕೊಡ್ರಿ.”

ಎಂಟು ವರ್ಷದ ಹಿಂದೆ ಅವಳಿಗೆ ಒಂದು ಹೆಣ್ಣು ಮಗು ಹುಟ್ಟಿ, ತೊಟ್ಟಿಲಿಗೆ ಹಾಕಿ ಯಲ್ಲವ್ವ ಎಂದು ಹೆಸರಿಟ್ಟ ಮೇಲೆ ಜ್ವರ ಬಂದು ಹೋಗಿತ್ತು. ಹಲ್ಲು ಬಾರದ ಕೂಸನ್ನು ಊರ ಹೊರಗೆ ಒಯ್ಯಬಾರದು, ಮನೆಯ ಸೂರಿನ ನೀರು ಬೀಳುವ ಕಡೆ ಮಣ್ಣು ಮಾಡಬೇಕು ಎಂಬುದು ಅವರ ಮನೆತನದ ರೂಢಿ. ಹೆತ್ತವಳು ಅದನ್ನು ನೋಡಬಾರದು. ಕೂಸು ಹುಟ್ಟುವ ಮೊದಲೇ ಕುರಿಗಳ ಜೊತೆ ಹೋದ ಸಿದ್ದಪ್ಪ ಆಗಿನ್ನೂ ಮರಳಿರಲಿಲ್ಲ. ಮಾವ ಹಿತ್ತಲ ಗೋಡೆಯ ಬುಡದಲ್ಲಿ ಮಣ್ಣು ಮಾಡಿ, ಮೇಲೊಂದು ಗುಂಡುಕಲ್ಲು ಇಟ್ಟಿದ್ದರು. ಆ ಮಾವನೂ ಈಗಿರಲಿಲ್ಲ. ಆಮೇಲೆ ಅವಳಿಗೆ ಮಕ್ಕಳಾಗಿರಲಿಲ್ಲ.

“ದೇವರು ಹ್ವಾದ, ಬಾಗಲಾ ಹ್ವಾದು. ಕೂಸಿನ ಹೆಂಗ ಬಿಟ್ಟು ಹೋಗ್ಲಿ? ಒಬ್ಬಾಕಿನ ನೀರಾಗ ಹೆಂಗ ಬಿಡ್ಲಿ?” ಅಂದಳು. ಅಳಲಿಲ್ಲ.

ಸೂರಿನ ಕೆಳಗೆ ಎಂದಾಗ ನನಗೆ ಇನ್ನೊಂದು ನೆನಪಾಯಿತು. ರೋಮನ್ನರಲ್ಲೂ ಇದೇ ರೂಢಿಯಿತ್ತು. ಹಲ್ಲು ಮೂಡದ ಮಗುವನ್ನು ಅವರು ಸುಡುತ್ತಿರಲಿಲ್ಲ, ಮನೆಯ ಸೂರಿನ ಕೆಳಗೆ ಹೂಳುತ್ತಿದ್ದರೆಂದು ಓದಿದ್ದೆ. ಅಂಥ ಗೋರಿಗೆ ಲ್ಯಾಟಿನ್‌ನಲ್ಲಿ ಒಂದು ಹೆಸರೇ ಇದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಆ ಹೆಸರಿನ ಹಿಂದೆ ಒಬ್ಬ ತಾಯಿ ಇದ್ದಳೆಂದು ಹೊಳೆದದ್ದು ಆ ಸಂಜೆ, ಬೀಳಗಿ ಸೀಮೆಯ ಆ ದಿನ್ನೆಯ ಮೇಲೆ.

ಆದರೂ ಥಟ್ಟನೆ ಹೂಂ ಅನ್ನಲಿಲ್ಲ. ಮಗುವಿನ ಮೂಳೆ ಬಹಳ ಮೆತ್ತಗೆ, ಮಡಿಕೆಯ ಆಸರೆಯೂ ಇಲ್ಲದೆ ಎಂಟು ಮಳೆಗಾಲದಲ್ಲಿ ಏನೂ ಉಳಿದಿರಲಿಕ್ಕಿಲ್ಲ ಎಂದು ತಿಳಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು.

“ಏನೂ ಇಲ್ಲಂದ್ರ ಆ ಮಣ್ಣರ ಒಯ್ತೇನ್ರಿ. ಅಕಿ ಮಣ್ಣ ಆಗಿದ್ರ ಅದ ಅಕಿ ಅಲ್ಲೇನ್ರಿ?”

ಮರುದಿನ ನಿರ್ದೇಶಕರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಅವರು ಹಾಗೆ ಮಾಡಿದರೆ ನಿಯಮ ಬೇರೆ ಹೇಳುತ್ತಿದೆ, ಮನಸ್ಸು ಬೇರೆ ಹೇಳುತ್ತಿದೆ ಎಂದು ಅರ್ಥ. ಕೊನೆಗೆ, “ಮನೆಯವರೂ ಊರ ಹಿರಿಯರೂ ಒಪ್ಪಿದರೆ ಅದು ಅವರ ಹಿತ್ತಲು. ರಜೆಯ ದಿನ ನೀವು ಎಲ್ಲಿರುತ್ತೀರಿ ಎಂದು ನಾನು ಕೇಳುವುದಿಲ್ಲ,” ಅಂದರು. ಕನ್ನಡಕ ಹಾಕಿಕೊಂಡು, “ಪ್ಲಾಸ್ಟರ್ ಉಳಿದಿದೆಯಲ್ಲ?” ಎಂದೂ ಕೇಳಿದರು.

ಊರ ಹಿರಿಯರು ತಕರಾರು ಮಾಡಲಿಲ್ಲ. ದೇವರನ್ನೇ ಎತ್ತಿ ಒಯ್ದವರು ಕೂಸಿಗೆ ಬೇಡ ಅನ್ನುವುದು ಹೇಗೆ? ಹೊಸ ಊರಿಗೆ ಸಾಮಾನು ಸಾಗಿಸಲು ಬಂದಿದ್ದ ಸಿದ್ದಪ್ಪ, “ಅವ್ವ ಹೂಂ ಅಂದ್ರ ನಂದೂ ಹೂಂ,” ಅಂದ. ಮಾಯವ್ವ ಒಬ್ಬಳೇ ಬಿಲ್‌ಕುಲ್ ಒಪ್ಪಲಿಲ್ಲ.

“ಮಲಗಿದ ಕೂಸಿನ ಎಬ್ಬಸಬಾರದು. ಇದ್ದಲ್ಲಿ ಇರ್ಲಿ ಬಿಡ್ರಿ.”

“ಇದ್ದಲ್ಲಿ ನೀರ ಬರ್ತದ ಅತ್ತಿ,” ಅಂದಳು ಲಗಮವ್ವ.

“ಬರ್ಲಿ. ಹೊಳಿ ಏನ್ ಪರಕೀಯಳೇನ? ನಮ್ಮನ್ನ ಸಾಕಿದಾಕಿ. ಕೂಸಿನೂ ಸಾಕ್ತಾಳ.”

ಮುದುಕಿ ಇಷ್ಟು ಗಟ್ಟಿಯಾಗಿ ಹಿಡಿದದ್ದನ್ನು ನೋಡಿ ನನಗೆ ಸಿಟ್ಟು ಬಂತು. ಶಾಸ್ತ್ರ ಹಿಡಿದು ಕೂತಿದ್ದಾಳೆ, ಸೊಸೆಯ ಸಂಕಟ ಕಾಣುತ್ತಿಲ್ಲ ಎಂದುಕೊಂಡೆ. ಸಿದ್ದಪ್ಪ ಮತ್ತೆ ಮತ್ತೆ ಕೇಳಿದ ಮೇಲೆ ಅವಳು ಹೂಂ ಅನ್ನದಿದ್ದರೂ ಉಹೂಂ ಅನ್ನುವುದನ್ನು ನಿಲ್ಲಿಸಿದಳು. ಅಷ್ಟನ್ನೇ ಒಪ್ಪಿಗೆ ಎಂದುಕೊಂಡೆವು.

ಭಾನುವಾರ ಬೆಳಗ್ಗೆ ಹಿತ್ತಲಿಗೆ ಹೋದಾಗ ಮನೆಗೆ ಬಾಗಿಲಿರಲಿಲ್ಲ. ಮೇಲ್ಮುದ್ದೆಯ, ಅಂದರೆ ಮಾಳಿಗೆಯ, ಮಣ್ಣು ಕೆಡವಿ ತೊಲೆಗಳನ್ನು ಟ್ರ್ಯಾಕ್ಟರಿಗೆ ಹೇರಿದ್ದರು. ಅವರದು ಆ ಓಣಿಯ ಕೊನೆಯ ಮನೆ, ಮರುದಿನ ಹೊರಡುವವರಿದ್ದರು. ಹಿತ್ತಲ ಗೋಡೆಯ ಬುಡದಲ್ಲಿ ಗುಂಡುಕಲ್ಲು ಇತ್ತು. ಎಂಟು ವರ್ಷದ ಭಂಡಾರ ಅದರ ಮೈಗೆ ಹಿಡಿದು ಹಳದಿ ಬಣ್ಣವೇ ಅದಕ್ಕೆ ಬಂದುಬಿಟ್ಟಿತ್ತು. ಲಗಮವ್ವ ಕಲ್ಲಿಗೆ ಕೈ ಮುಗಿದು ತಾನೇ ಎತ್ತಿ ಪಕ್ಕಕ್ಕಿಟ್ಟಳು. ಮಾಯವ್ವ ಎಂದಿನಂತೆ ಗೋಡೆಯ ಆಚೆ ತುದಿಯ ಮೂಲೆಯಲ್ಲಿ ಕೂತು ನೂಲುತ್ತಿದ್ದಳು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಸಣ್ಣ ಚೌಕ ಗುರುತು ಮಾಡಿ ತೆಳ್ಳಗೆ ಮಣ್ಣು ಕೆರೆಯತೊಡಗಿದೆ. ಒಮ್ಮೆ ತೋಡಿ ಮುಚ್ಚಿದ ಮಣ್ಣು ಎಷ್ಟು ಕಾಲವಾದರೂ ಗುಟ್ಟು ಬಿಟ್ಟುಕೊಡುತ್ತದೆ. ಮೇಲಿನ ಬೂದಿ, ಸಗಣಿ ಒಳಗೆ ಬೆರೆತು ಬಣ್ಣ ಬೇರೆಯಾಗಿರುತ್ತದೆ, ಹಿಡಿತ ಸಡಿಲವಾಗಿರುತ್ತದೆ. ಬನಹಟ್ಟಿಯ ಹುಡುಗಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಸೀರೆಗೆ ರಫೂ ಹಾಕಿದ ಜಾಗ ಎಷ್ಟೇ ನಾಜೂಕಾಗಿದ್ದರೂ ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಲ್ಲಿ ಅಂಥ ತೇಪೆ ಕಾಣಲಿಲ್ಲ. ಮೊಣಕೈ ಆಳಕ್ಕೆ ಹೋದೆ, ಇನ್ನೂ ಕೆಳಗೆ ಹೋದೆ. ಹೊಳೆಯ ಹಳದಿ ಮೆಕ್ಕಲು ಒಂದೇ ಸಮ ಇತ್ತು. ಅಕ್ಕಪಕ್ಕ ಅಗಲ ಮಾಡಿದೆ. ಅಲ್ಲೂ ಅದೇ.

ಬಿಸಿಲು ಏರಿತು. ಲಗಮವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಮೂಳೆ ಕರಗಿದೆ ಎಂದುಬಿಟ್ಟಿದ್ದರೆ ಕೆಲಸ ಸುಲಭವಿತ್ತು. ಒಂದು ಬುಟ್ಟಿ ಮಣ್ಣು ತುಂಬಿಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮಣ್ಣಿನ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ.

“ಲಗಮವ್ವ, ಇಲ್ಲಿ ಯಾರೂ ಎಂದೂ ಗುಂಡಿ ತೋಡಿಲ್ಲ,” ಅಂದೆ.

ಅವಳು ಸಿದ್ದಪ್ಪನ ಕಡೆ ತಿರುಗಿದಳು. “ನಿಮ್ಮಪ್ಪ ನನ್ನ ಕೂಸಿನ ಏನ್ ಮಾಡಿದ? ಹೊಳಿಗಿ ಬಿಟ್ಟನೇನ?”

“ಖರೆ ನನಗ ಗೊತ್ತಿಲ್ಲ. ನಾ ಬಂದಾಗ ಕಲ್ಲ ಇಲ್ಲೇ ಇತ್ತು,” ಎಂದು ಅವನು ತಡವರಿಸಿದ. ಅವಳು ಅಲ್ಲೇ ಕುಸಿದು ಕೂತು, ಆ ಹಳದಿ ಕಲ್ಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಎಂಟು ವರ್ಷ ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಬಂದ ಹಾಗೆ ಅತ್ತಳು. ನಾನು ಮಣ್ಣು ಕೆರೆಯುವ ಟ್ರೊವೆಲ್ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಇಂಥ ಹೊತ್ತಿಗೆ ಯಾವ ಪದವಿಯೂ ಕೆಲಸಕ್ಕೆ ಬರುವುದಿಲ್ಲ.

ಮೂಲೆಯಲ್ಲಿ ನೂಲಿನ ಕದಿರು ತಿರುಗುವುದು ನಿಂತಿತು.

“ಅಲ್ಲಿಲ್ಲ ಅಕಿ,” ಅಂದಳು ಮಾಯವ್ವ. “ಕಲ್ಲ ನಾ ಸರಿಸೀನಿ.”

ಮುದುಕಿ ನಮ್ಮನ್ನು ನೋಡದೆ, ಮಡಿಲಲ್ಲಿದ್ದ ಉಣ್ಣೆಯನ್ನು ನೋಡುತ್ತ ಹೇಳಿದಳು.

“ಹೊತ್ತ ಹೊಂಡೂದ ತಡ, ಓಡಿ ಬಂದು ಕಲ್ಲಿನ ಮುಂದ ಕುಂದರತಿದ್ದಿ. ಎದಿ ಹಾಲ ಇಳದು ಕುಬಸ ತೊಯ್ತಿತ್ತು. ಅನ್ನ ಬಿಟ್ಟಿ, ನೀರ ಬಿಟ್ಟಿ. ಕೂಸ ಅಂತೂ ಹ್ವಾತು, ಈಕಿನೂ ಕೂಸಿನ ಹಿಂದ ಹ್ವಾದ್ಲಂದ್ರ ನನ್ನ ಮಗಗ ಏನ್ ಹೇಳ್ಲಿ ಅಂತ ಅಂಜಿದೆ. ತಾಯಿ ಕಣ್ಣೀರ ಮ್ಯಾಲ ಬಿದ್ರ ಕೂಸಿಗಿ ನಿದ್ದಿ ಹತ್ತೂದಿಲ್ಲಂತಾರ. ಆಗ ನಿನಗ ಮೈಮ್ಯಾಲ ಖಬರ ಇರ್ಲಿಲ್ಲ, ಕಲ್ಲಷ್ಟ ಕಾಣ್ತಿತ್ತು, ಜಾಗಾ ಕಾಣ್ತಿರ್ಲಿಲ್ಲ. ನೀ ತವರಿಗಿ ಹೋದಾಗ ಕಲ್ಲ ಉಳ್ಳಿಸಿ ಅಲ್ಲಿ ಇಟ್ಟೆ. ಅಳೂದಿದ್ರ ಕಲ್ಲಿನ ಮುಂದ ಅಳ್ಲಿ, ಕೂಸ ತಣ್ಣಗ ಮಲಗಲಿ ಅಂತ.”

“ಎಂಟ ವರ್ಷ ನಾ ಬರೇ ಕಲ್ಲಿನ ಮುಂದ ಅತ್ತೇನ್ರಿ ಅತ್ತಿ?”

“ಹೂಂ ಯವ್ವಾ.”

“ಮತ್ತ ಅಕಿ ಒಬ್ಬಾಕಿನ ಇದ್ಲಲ್ರಿ, ಇಷ್ಟ ವರ್ಷ!”

ಮಾಯವ್ವ ತಲೆಯೆತ್ತಿದಳು. “ಒಬ್ಬಾಕಿನ ಯಾಕ ಬಿಡ್ಲಿ? ನಾ ಇಲ್ಲೇ ಕುಂತೀನಲ್ಲ,” ಅಂದಳು.

ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದು, ತಾನು ಕೂತಿದ್ದ ಜಾಗವನ್ನು ಬಿಟ್ಟುಕೊಟ್ಟಳು. ಮಳೆ ಬಿಸಿಲೆನ್ನದೆ ಅವಳು ಆ ಮೂಲೆಯನ್ನು ಯಾಕೆ ಬಿಡುತ್ತಿರಲಿಲ್ಲ ಎಂಬುದು ಆಗ ನಮಗೆಲ್ಲ ತಿಳಿಯಿತು. ಅಗೆಯುವುದು ಬೇಡ ಎಂದು ಯಾಕೆ ಹಟ ಹಿಡಿದಿದ್ದಳು ಎಂಬುದೂ ತಿಳಿಯಿತು. ಲಗಮವ್ವ ಕಲ್ಲನ್ನು ಕೆಳಗಿಟ್ಟು ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಅತ್ತೆಯ ಸೀರೆಗೆ ಅಂಟಿದ್ದ ಮಣ್ಣನ್ನು ಕೊಡವಿ, “ತೋರಸ್ರಿ, ಎಲ್ಲಿ?” ಅಂದಳು. ಅವರ ನಡುವಿನ ಆ ಒಂದು ಹೆಜ್ಜೆ ಅಂತರ ಮತ್ತೆ ನನಗೆ ಕಾಣಲಿಲ್ಲ.

ಮುದುಕಿ ತೋರಿಸಿದಲ್ಲಿ ಒಂದು ಗೇಣು ಕೆರೆಯುವಷ್ಟರಲ್ಲಿ ತೇಪೆ ಕಂಡಿತು. ಹಳದಿ ಮಣ್ಣಿನ ನಡುವೆ ಬೂದು ಬಣ್ಣದ ಪುಟ್ಟ ದುಂಡು ಗುರುತು. ಅಲ್ಲಿಂದ ಮುಂದೆ ನಾನು ಬ್ರಷ್ ಮುಟ್ಟಲಿಲ್ಲ, ಬರೀ ಹೇಳಿಕೊಟ್ಟೆ. ಲಗಮವ್ವ ಮಣ್ಣನ್ನು ಗುಡಿಸಿದ ರೀತಿಯನ್ನು ನಾನು ಎಷ್ಟೋ ವಿದ್ಯಾರ್ಥಿಗಳಿಗೆ ವಿವರಿಸಲು ನೋಡಿ ಸೋತಿದ್ದೇನೆ. ನಿದ್ದೆಯಲ್ಲಿರುವವರ ಮುಖದ ಮೇಲಿನ ಕೂದಲು ಸರಿಸುವ ಹಾಗಿತ್ತು ಅದು.

ಮೊದಲು ಕಂಬಳಿಯ ಕೊಳೆತ ಎಳೆಗಳು ಬಂದವು. ಆಮೇಲೆ ಕರಿಮಣಿಗಳು, ದಾರ ಹೋಗಿದ್ದರೂ ಸೊಂಟದ ಸುತ್ತ ಇದ್ದ ಹಾಗೇ ಸಾಲಾಗಿ ಕೂತಿದ್ದವು. ನಾನು ಹೆದರಿದ ಹಾಗೆ ಆಗಿರಲಿಲ್ಲ. ಅಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಮೂಳೆಯನ್ನು ಕಾಯುತ್ತದೆ. ಯಲ್ಲವ್ವ ಇದ್ದಳು. ಪೂರ್ತಿ ಅಲ್ಲ, ಆದರೆ ಇದ್ದಳು. ಒಂದು ಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಹಿಂಗ ಮಲಗ್ತಿದ್ಲ್ರಿ,” ಅಂದಳು ಲಗಮವ್ವ. “ಜ್ವಾಳಗಿಯೊಳಗೂ ಹಿಂಗ ಮಲಗ್ತಿದ್ಲು.” ಜೋಳಿಗೆ ಎಂದರೆ ಸೀರೆಯಲ್ಲಿ ಕಟ್ಟುವ ತೊಟ್ಟಿಲು. ಅವಳ ಮುಖದಲ್ಲಿ ಅವತ್ತು ನಾನು ಕಂಡದ್ದನ್ನು ದುಃಖ ಎನ್ನಲಾರೆ. ಬಹಳ ದಿನ ಪರಸ್ಥಳದಲ್ಲಿದ್ದ ಮಗಳನ್ನು ಕಂಡ ತಾಯಿಯ ಮುಖ ಅದು.

ಆ ದಿನ ನಾನು ಮಾಡಿದಷ್ಟು ಜತನದ ಬ್ಲಾಕ್ ಲಿಫ್ಟಿಂಗನ್ನು ಹಿಂದೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಸುತ್ತುವುದಕ್ಕೆ ಮಾಯವ್ವ ತನ್ನ ಮೆತ್ತನೆಯ ಹಳೇ ಸೀರೆ ಹರಿದುಕೊಟ್ಟಳು. ಪ್ಲಾಸ್ಟರ್ ಒಣಗುವವರೆಗೆ ಅತ್ತೆ, ಸೊಸೆ ಎರಡೂ ಕಡೆ ಕೂತು ಇರುವೆ ಬರದ ಹಾಗೆ ಕಾದರು. ಬಿಸಿಲು ಇಳಿಯುವ ಹೊತ್ತಿಗೆ ಹಲಗೆ ತೂರಿಸಿದೆವು. ಎತ್ತಿದವನು ಸಿದ್ದಪ್ಪ. ಅವನು ತನ್ನ ಮಗಳನ್ನು ಎತ್ತಿಕೊಂಡದ್ದು ಅದೇ ಮೊದಲು.

ಮರುದಿನ ಅವರ ಟ್ರ್ಯಾಕ್ಟರ್ ಹೊರಟಾಗ ನಾನೂ ಟ್ರೇಲರ್ ಹತ್ತಿ ಹೊಸ ಊರಿಗೆ ಹೋದೆ. ತೊಲೆಗಳು, ಹಂಡೆ, ಬೀಸುವ ಕಲ್ಲು, ಅವುಗಳ ನಡುವೆ ಮಾಯವ್ವ. ಅವಳ ತೊಡೆಯ ಮೇಲೆ ಕಂಬಳಿ ಹಾಸಿದ ಬುಟ್ಟಿ, ಬುಟ್ಟಿಯಲ್ಲಿ ಕೂಸು. ಗುಂಡುಕಲ್ಲು ಲಗಮವ್ವನ ಮಡಿಲಲ್ಲಿತ್ತು. ರಸ್ತೆಯ ತಗ್ಗು ಬಂದಾಗಲೆಲ್ಲ ಮಾಯವ್ವ, “ಹಳೂಕ ಹೊಡಿಯೋ ತಮ್ಮಾ, ಕೂಸ ಐತಿ,” ಎಂದು ಡ್ರೈವರ್‌ಗೆ ಕೂಗುತ್ತಿದ್ದಳು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಧೂಳು ಅಂದೆ.

ಹೊಸ ಊರಿನಲ್ಲಿ ಗರಸುಕಲ್ಲಿನ ಬಯಲಲ್ಲಿ ತಗಡಿನ ಮನೆಗಳು ಸಾಲಾಗಿದ್ದವು. ಮನೆಯ ಹಿಂದೆ, ತಗಡಿನಿಂದ ಮಳೆಯ ನೀರು ಬೀಳುವ ಕಡೆ, ಸಿದ್ದಪ್ಪ ಗುಂಡಿ ತೋಡಿದ. ಈ ಸಲ ಹೆತ್ತವಳೂ ನಿಂತು ನೋಡಿದಳು, ಯಾರೂ ಬೇಡ ಅನ್ನಲಿಲ್ಲ. ಮಣ್ಣು ಮುಚ್ಚಿ ಭಂಡಾರ ಹಾಕಿದ ಮೇಲೆ ಲಗಮವ್ವ ಕಲ್ಲನ್ನು ಅತ್ತೆಯ ಕೈಗೆ ಕೊಟ್ಟಳು. ಮಾಯವ್ವ ಅದನ್ನು ಸರಿಯಾಗಿ ನಡುವಿಗೆ ಇಟ್ಟು, ಒತ್ತಿ, “ಇನ್ನ ಸರಸೂದಿಲ್ಲ ತಗೊ,” ಅಂದಳು. ಅತ್ತೆ, ಸೊಸೆ ಇಬ್ಬರೂ ಅಳುತ್ತಲೇ ನಕ್ಕರು.

ಬೀಳಗಿಯ ನನ್ನ ಕೋಣೆಗೆ ಮರಳಿದವಳು ಮೊದಲು ಮಾಡಿದ ಕೆಲಸವೆಂದರೆ, ದಿನ್ನೆಯ ಆ ಮಡಿಕೆ ಮತ್ತು ಪಕ್ಕದ ಗುಂಡುಕಲ್ಲಿನ ನಕ್ಷೆಯನ್ನು ಹರಡಿಕೊಂಡು ಕೂತದ್ದು. ವರದಿಯಲ್ಲಿ ‘ಮಣ್ಣಿನ ಚಲನೆಯಿಂದ’ ಎಂಬುದರ ಮುಂದೆ ‘ಅಥವಾ ಯಾರೋ ಉದ್ದೇಶಪೂರ್ವಕವಾಗಿ ಸರಿಸಿರಬಹುದು’ ಎಂದು ಸೇರಿಸಿದೆ. ನಿರ್ದೇಶಕರು ಆ ಸಾಲಿನ ಕೆಳಗೆ ಗೆರೆ ಎಳೆದು, “ಇದಕ್ಕೆ ಪುರಾವೆ?” ಎಂದು ಕೇಳಿದರು.

“ಮಾಯವ್ವ,” ಅಂದೆ.

ಅವರು ಕನ್ನಡಕ ಒರೆಸಿ, ಸಾಲನ್ನು ಹಾಗೇ ಬಿಟ್ಟರು.

ಮಳೆಗಾಲ ಬಂತು, ನೀರೂ ಬಂತು. ಮುಂದೆ ನಾನು ಜಮಖಂಡಿ, ಮುಧೋಳ ಕಡೆಯ ಹಲವು ದಿನ್ನೆಗಳಲ್ಲಿ ಕೆಲಸ ಮಾಡಿ, ಮೇಲಿನ ಹುದ್ದೆಗಳಿಗೆ ಹೋಗಿ ನಿವೃತ್ತಳಾದೆ. ಆ ದಾರಿಯಲ್ಲಿ ಬಸ್ಸು ಸಿಕ್ಕಾಗಲೆಲ್ಲ ಹೊಸ ಊರಿಗೆ ಹೋಗಿ ಬರುತ್ತಿದ್ದೆ. ಲಗಮವ್ವನಿಗೆ ಆಮೇಲೆ ಮಗನೊಬ್ಬ ಹುಟ್ಟಿದ. ಮಾಯವ್ವ ಅವನಿಗೆ ಹಲ್ಲು ಬರುವುದನ್ನೂ, ಬಿದ್ದು ಮತ್ತೆ ಬರುವುದನ್ನೂ ನೋಡಿ ತೀರಿಕೊಂಡಳು. ಕೊನೆಯವರೆಗೂ ತಗಡಿನ ಸೂರಿನ ಕೆಳಗೆ ಕೂತೇ ನೂಲಿದಳಂತೆ. ಮೊಮ್ಮಗನನ್ನು ಮಾತ್ರ ನೆರಳಿನಲ್ಲಿ ಕೂರಿಸುತ್ತಿದ್ದಳಂತೆ.

ಅಪ್ಪ ಹೋದ ಮೇಲೆ, 2013ರಲ್ಲಿ, ಒಂದು ವಿಚಾರ ಸಂಕಿರಣದ ನೆಪದಲ್ಲಿ ಕೊನೆಗೂ ಇಟಲಿ ಕಂಡೆ. ಹಳೆಯ ರೋಮನ್ ಮನೆಯೊಂದರ ಅವಶೇಷದಲ್ಲಿ ತರುಣಿಯೊಬ್ಬಳು ನಮಗೆ ಸೂರಿನ ಕೆಳಗಿನ ಹಸುಗೂಸಿನ ಗೋರಿ ತೋರಿಸಿದಳು. ನಾನು ಬಾಯಿಪಾಠ ಮಾಡಿದ್ದ ಆ ಲ್ಯಾಟಿನ್ ಹೆಸರನ್ನು ಹೇಳಿದಳು. ಮೇಲೆ ಮುಚ್ಚಿದ್ದ ಹೆಂಚು ಗೋರಿಯಿಂದ ಆಚೆ ಸರಿದಿದೆ, ಮಳೆಯ ನೀರಿನ ಹೊಡೆತಕ್ಕೆ ಹಾಗಾಗಿರಬೇಕು ಎಂದಳು. ಅವಳು ಹೇಳಿದ್ದು ಸರಿಯಿರಬಹುದು. ನಾನೂ ಒಮ್ಮೆ ಹಾಗೇ ಬರೆದವಳು.

“ಈ ಮನೆಯಲ್ಲಿ ಅಜ್ಜಿ ಇದ್ದಳೇ? ಅವಳು ಎಲ್ಲಿ ಕೂರುತ್ತಿದ್ದಳು?” ಎಂದು ಕೇಳಿದೆ.

ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನು ನಗದಿರುವುದನ್ನು ನೋಡಿ ನಗು ನಿಲ್ಲಿಸಿದಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವಳಿಗೆ ಮಾಯವ್ವನ ಕಥೆ ಹೇಳಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಒಂದು ವಸ್ತು ಇರಬೇಕಾದಲ್ಲಿ ಇಲ್ಲದಿದ್ದರೆ ಮಣ್ಣನ್ನೂ ನೀರನ್ನೂ ಅನುಮಾನಿಸುವ ಮೊದಲು, ಯಾರನ್ನೋ ಉಳಿಸಿಕೊಳ್ಳಲು ಅದನ್ನು ಸರಿಸಿದ ಒಂದು ಕೈ ಇತ್ತೇ ಎಂದು ಕೇಳಿಕೊಳ್ಳಬೇಕು.

ಅವಳು ಫೋನಿನಲ್ಲಿ ನಕಾಶೆ ತೆರೆದು, ಆ ಊರು ಎಲ್ಲಿದೆ ತೋರಿಸಿ ಅಂದಳು. ಬೀಳಗಿಯನ್ನು ಹುಡುಕಿ, ಹೊಳೆಯ ಕಡೆಗೆ ಬೆರಳು ಸರಿಸಿದೆ. ಮಾಯವ್ವ ಕೂತು ನೂಲುತ್ತಿದ್ದ ಮೂಲೆ ಈಗ ನೀರಿನ ನೀಲಿಯಾಗಿತ್ತು. ಅಲ್ಲಿ ಯಾವ ಕೂಸೂ ಇಲ್ಲ ಎಂದು ನನಗೆ ಗೊತ್ತಿತ್ತು.